ಶೇಕಡಾ 92 ಸರಿ, ಆದರೂ ಬೆಳೆ ಹೋಯಿತು: ಹಾಸನೂರಿನ ಹೊಲದಿಂದ ಮುನ್ಸೂಚನಾ ವಿಧಾನಗಳ ವಿಮರ್ಶೆ

ಕಾರ್ಯಾಚರಣಾ ಸಂಶೋಧನೆಯಲ್ಲಿ ಮುನ್ಸೂಚನೆ, ಡೇಟಾ ಮೈನಿಂಗ್ ಅಂದ ತಕ್ಷಣ ನಾವು ಕೇಳೋ ಮೊದಲ ಪ್ರಶ್ನೆ 'ನಿಖರತೆ ಎಷ್ಟು?' ಅಂತ. ಈ ಪ್ರಶ್ನೆಯೇ ಎಷ್ಟೋ ಸಲ ನಮ್ಮ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಆಕ್ಷೇಪ. ಅದಕ್ಕೆ ಹಾಸನೂರಿನ ಒಂದು ಹೊಲವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರದ ಕಡೆ ಬಂದರೆ ಹಾಸನೂರು ಸಿಗುತ್ತದೆ. ಸುತ್ತಲಿನದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಈ ರಸ್ತೆಯಲ್ಲಿ ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲೋದನ್ನ ನಿಮ್ಮಲ್ಲಿ ಹಲವರು ವೀಡಿಯೋದಲ್ಲಾದರೂ ನೋಡಿರ್ತೀರಿ. ಇಲ್ಲಿನ ರೈತನಿಗೆ ಬೇಕಾದ ಮುನ್ಸೂಚನೆ ಒಂದೇ: ಇವತ್ತು ರಾತ್ರಿ ಅಟ್ಟಣೆ ಹತ್ತಬೇಕೋ, ಮನೆಯಲ್ಲಿ ಮಲಗಬಹುದೋ?

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ನೂರು ರಾತ್ರಿಯಲ್ಲಿ ಎಂಟು ರಾತ್ರಿ ಆನೆ ಬರುತ್ತದೆ. ಒಂದು ರಾತ್ರಿಯ ಕಾವಲಿಗೆ 500 ರೂಪಾಯಿ ಖರ್ಚು. ಕಾವಲಿಲ್ಲದ ರಾತ್ರಿ ಆನೆ ಬಂದರೆ 10,000 ನಷ್ಟ. ಕಾವಲಿದ್ದರೆ ಬೆಳೆ ಉಳಿಯುತ್ತದೆ.

ದಿನವೂ 'ಬರೋದಿಲ್ಲ' ಅನ್ನುವ ಮಾದರಿ ಶೇಕಡಾ 92 ಸರಿ. ಅದನ್ನು ನಂಬಿದವನಿಗೆ ನಷ್ಟ 80,000. ನೂರು ರಾತ್ರಿಯೂ ಕಾದರೆ ಖರ್ಚು 50,000. ಇನ್ನೊಂದು ಮಾದರಿ ಮೂವತ್ತು ರಾತ್ರಿ ಎಚ್ಚರಿಸುತ್ತದೆ, ಅದರಲ್ಲಿ ಆರು ನಿಜ, 24 ಸುಳ್ಳು. ಎರಡು ರಾತ್ರಿ ಕೈಕೊಡುತ್ತದೆ. ಇದರ ನಿಖರತೆ ಬರೀ 74. ಆದರೆ ಕಾವಲಿಗೆ 15,000, ತಪ್ಪಿದ ಎರಡಕ್ಕೆ 20,000, ಒಟ್ಟು 35,000. ಪರೀಕ್ಷೆಯಲ್ಲಿ ಸೋತ ಮಾದರಿ ಹೊಲದಲ್ಲಿ ಗೆದ್ದಿತು, ಅಲ್ವಾ?

ಇದು ಲೆಕ್ಕದ ಚಮತ್ಕಾರವಲ್ಲ. ಅರ್ಧಕ್ಕಿಂತ ಹೆಚ್ಚು ದಿನ ಸೊನ್ನೆಯೇ ಇರುವ ಸರಣಿಗೆ ಒಂದೇ ಸ್ಥಿರ ಸಂಖ್ಯೆ ಹೇಳಬೇಕೆಂದರೆ, ಸರಾಸರಿ ನಿರಪೇಕ್ಷ ದೋಷವನ್ನು ಕನಿಷ್ಠಗೊಳಿಸುವ ಉತ್ತರ ಸೊನ್ನೆಯೇ. ಬಿಡಿಭಾಗಗಳ ದಾಸ್ತಾನಿನಲ್ಲೂ ಇಂಥ ಬಿಟ್ಟುಬಿಟ್ಟು ಬರುವ ಬೇಡಿಕೆ ಇರುತ್ತದೆ. ಅದಕ್ಕೆಂದೇ ಕ್ರಾಸ್ಟನ್ 1972ರಲ್ಲಿ ಬೇಡಿಕೆಯ ಪ್ರಮಾಣವನ್ನೂ ನಡುವಿನ ಅಂತರವನ್ನೂ ಬೇರೆಬೇರೆಯಾಗಿ ಅಂದಾಜಿಸುವ ವಿಧಾನ ಕೊಟ್ಟರು. ಉಪಯುಕ್ತ ವಿಧಾನವೇ, ಆದರೆ ಅದು ಕೊಡೋದು ಸರಾಸರಿ ದರ. ಇವತ್ತಿನ ರಾತ್ರಿಯ ಬಗ್ಗೆ ಅದು ಏನೂ ಹೇಳೋದಿಲ್ಲ. ರೈತನಿಗೆ ಬೇಕಾದದ್ದು ಸಂಭವನೀಯತೆ. ನಮ್ಮ ಊಹೆಯ ಲೆಕ್ಕದಲ್ಲಿ ಅದು 500/10,000, ಅಂದರೆ ಶೇಕಡಾ 5 ದಾಟಿದರೆ ಕಾವಲು ಲಾಭ. ಬೆಳೆ ಎಳೆಯದಿದ್ದಾಗ ನಷ್ಟ ಕಡಿಮೆ, ಕೊಯ್ಲು ಹತ್ತಿರವಾದಾಗ ಹೆಚ್ಚು. ಹಾಗಾಗಿ ಈ ಗಡಿಯೂ ವಾರವಾರಕ್ಕೆ ಬದಲಾಗಬೇಕು.

ಇನ್ನೊಂದು ತೊಡಕು ದತ್ತಾಂಶದಲ್ಲೇ ಇದೆ. ಪರಿಹಾರದ ಅರ್ಜಿಗಳಿಂದ ಮಾದರಿ ಕಲಿತರೆ, ಅದು ಕಲಿಯೋದು ಆನೆಯ ನಡೆಯನ್ನಲ್ಲ, ಅರ್ಜಿಯ ನಡೆಯನ್ನು. ನಿದ್ದೆಗೆಟ್ಟು ಪಟಾಕಿ ಹೊಡೆದು ಆನೆ ಓಡಿಸಿದ ರಾತ್ರಿ ಅಲ್ಲಿ 'ಹಾನಿ ಇಲ್ಲ' ಎಂದೇ ಉಳಿಯುತ್ತದೆ. ಚೆನ್ನಾಗಿ ಕಾದ ಹೊಲ ಮುಂದಿನ ವರ್ಷ 'ಅಪಾಯವಿಲ್ಲದ ಹೊಲ' ಆಗಿಬಿಡುತ್ತದೆ! ಆ ಪಟ್ಟಿ ನೋಡಿ ಗಸ್ತು ತೆಗೆದರೆ ಏನಾಗುತ್ತೆ ಹೇಳಿ. ಎಷ್ಟೇ ಹೊಸ ಅಲ್ಗಾರಿದಮ್ ತಂದರೂ ಇದು ಸರಿಹೋಗೋದಿಲ್ಲ. ಆನೆ ಬಂದದ್ದು, ಕಾವಲಿದ್ದದ್ದು, ಹಾನಿಯಾದದ್ದು, ಮೂರನ್ನೂ ಬೇರೆಬೇರೆ ಕಾಲಂನಲ್ಲಿ ಬರೆಯಬೇಕು.

ಸಂಕೀರ್ಣ ವಿಧಾನ ಯಾವಾಗಲೂ ಸರಳ ವಿಧಾನವನ್ನು ಮೀರಿಸೋದಿಲ್ಲ ಅಂತ ಮಕ್ರಿದಾಕಿಸ್ ಮತ್ತು ಸಂಗಡಿಗರು 1001 ಕಾಲಸರಣಿಗಳ ಮೇಲೆ 1982ರಲ್ಲೇ ತೋರಿಸಿದ್ದರು. ನಾವು ಆ ಪಾಠವನ್ನು ವಿಧಾನಗಳ ಪೈಪೋಟಿ ಅಂತಷ್ಟೇ ಓದಿಕೊಂಡೆವು. ಆದ್ದರಿಂದ ನನ್ನ ಕೋರಿಕೆ ಇಷ್ಟು: ನಮ್ಮ ಪ್ರಬಂಧಗಳಲ್ಲಿ ದೋಷದ ಕೋಷ್ಟಕಕ್ಕೆ ಮೊದಲು, ಈ ಮುನ್ಸೂಚನೆ ನೋಡಿ ಯಾರು ಏನು ನಿರ್ಧರಿಸುತ್ತಾರೆ, ತಪ್ಪಿದರೆ ಯಾರ ಗಂಟು ಹೋಗುತ್ತದೆ ಅನ್ನೋದನ್ನ ಬರೆಯೋಣ. ಅದಿಲ್ಲದ ಶೇಕಡಾ 92 ಅಟ್ಟಣೆಯ ಮೇಲಿರೋನಿಗೆ ಉಪಯೋಗಕ್ಕೆ ಬರೋದಿಲ್ಲ. ಇನ್ನು ಚರ್ಚೆಗೆ ಬಿಡ್ತೀನಿ.