ಎಂ 81ರ ನೆರೆಹೊರೆ

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಎಂ 81 ಗೆಲಾಕ್ಸಿ ಇದೆ. ಅದರ ಚಿತ್ರ ಕಂಡವರು ಬೇಗ ಕಣ್ಣು ಕೀಳಲಾರರು. ಬೆಚ್ಚನೆಯ ಹಳದಿ ನಡುಭಾಗ, ಅದನ್ನು ಬಳಸಿ ಹರಡಿದ ನೀಲಿ ಸುರುಳಿತೋಳುಗಳು, ಎಲ್ಲೂ ಒಂದು ಕೊಂಕಿಲ್ಲ. ಪಕ್ಕದಲ್ಲಿ ನೀಳವಾದ ಎಂ 82, ತುಸು ಆಚೆ ಪುಟ್ಟ ಎನ್‌ಜಿಸಿ 3077. ಮೂರರ ನಡುವೆ ಬರೀ ಕತ್ತಲು.

ಆ ಕತ್ತಲೊಳಗೆ ಏನಿದೆ ಎಂಬುದನ್ನು 1994ರಲ್ಲಿ ಮಿನ್ ಯುನ್, ಪಾಲ್ ಹೋ, ಫ್ರೆಡ್ ಲೋ ಸೊಗಸಾಗಿ ತೋರಿಸಿದರು. ತಟಸ್ಥ ಜಲಜನಕ ಸೂಸುವ 21 ಸೆಂ.ಮೀ. ಅಲೆಗಳನ್ನು ನ್ಯೂ ಮೆಕ್ಸಿಕೊದ ವಿಎಲ್‌ಎ ರೇಡಿಯೊ ದೂರದರ್ಶಕದಿಂದ ಹಿಡಿದು ಅವರು ಬಿಡಿಸಿದ ನಕ್ಷೆಯಲ್ಲಿ ಮೂರೂ ಗೆಲಾಕ್ಸಿಗಳು ಒಂದೇ ಮೈಯಾಗಿವೆ. ಎಂ 81ರ ಅಂಚಿನಿಂದ ಹೊರಟ ಅನಿಲದ ಎಳೆಯೊಂದು ಬಾಗಿ, ತೆಳುವಾಗಿ, ಮತ್ತೆ ದಪ್ಪವಾಗಿ ಎನ್‌ಜಿಸಿ 3077ಕ್ಕೆ ಹೋಗಿ ಸೇರುತ್ತದೆ. ಇನ್ನೊಂದು ಎಂ 82ರತ್ತ ಚಾಚಿದೆ. ಆಕಾಶದಲ್ಲಿ ಇದಕ್ಕಿಂತ ಚೆಲುವಾದ ಗೆರೆಗಳನ್ನು ನಾನು ಕಂಡಿಲ್ಲ.

ಇವನ್ನು ಎಳೆದದ್ದು ಗುರುತ್ವ. ನೂರಾರು ಗೆಲಾಕ್ಸಿಗಳ ದೊಡ್ಡ ಗೊಂಚಲುಗಳಲ್ಲಿ ಅವು ಸೆಕೆಂಡಿಗೆ ಸಾವಿರ ಕಿ.ಮೀ. ವೇಗದಲ್ಲಿ ಒಂದನ್ನೊಂದು ದಾಟಿಬಿಡುತ್ತವೆ. ಇಂಥ ಸಣ್ಣ ಗುಂಪಿನಲ್ಲಿ ಓಟ ನಿಧಾನ. ಒಂದರ ಪಕ್ಕ ಇನ್ನೊಂದು ಬಹುಕಾಲ ಸುಳಿಯುತ್ತದೆ, ಸಡಿಲವಾಗಿ ಅಂಟಿಕೊಂಡ ಅಂಚಿನ ಅನಿಲ ಕಿತ್ತುಬರುತ್ತದೆ. ಎನ್‌ಜಿಸಿ 3077ರ ಬಳಿಯ ಜಲಜನಕದ ಹೆಚ್ಚಿನ ಪಾಲು ಈಗ ಆ ಗೆಲಾಕ್ಸಿಯೊಳಗಿಲ್ಲ, ಪಕ್ಕಕ್ಕೆ ಚಾಚಿದ ತೋಳಿನಲ್ಲಿದೆ. ಎಂ 82ರಲ್ಲಿ ಆದದ್ದೇ ಬೇರೆ: ಅನಿಲ ಒಳಕ್ಕೆ ನುಗ್ಗಿ, ನಡುವಿನಲ್ಲಿ ನಕ್ಷತ್ರಗಳು ರಭಸದಿಂದ ಹುಟ್ಟಿದವು. ಅವುಗಳ ಬಿಸಿಗೆ, ಸ್ಫೋಟಗಳಿಗೆ ಸಿಕ್ಕ ಅನಿಲ ತಟ್ಟೆಯ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳಾಗಿ ಚಿಮ್ಮುತ್ತಿದೆ. ಹಬಲ್ ತೆಗೆದ ಚಿತ್ರದಲ್ಲಿ ಆ ಕೆಂಪನ್ನು ಒಂದೊಂದೇ ಎಳೆಯಾಗಿ ನೋಡಬೇಕು.

ನನಗೆ ಅತಿ ಪ್ರಿಯವಾದದ್ದು ಮಾತ್ರ ಎಂ 81ರ ಮಗ್ಗುಲಲ್ಲಿ ಮಂಕಾಗಿ ಕಾಣುವ ಪುಟ್ಟ ಗೆಲಾಕ್ಸಿ ಹೋಂಬರ್ಗ್ 9. ಅದರ ನಕ್ಷತ್ರಗಳಲ್ಲಿ ಬಹುಪಾಲು 20 ಕೋಟಿ ವರ್ಷ ಕೂಡ ತುಂಬದ ಎಳೆಯವು. ಸೆಳೆತಕ್ಕೆ ಸಿಕ್ಕಿ ಚೆಲ್ಲಿದ ಅನಿಲದಲ್ಲೇ ಅವು ಹುಟ್ಟಿರಬೇಕೆಂದು ಖಗೋಳಜ್ಞರ ಎಣಿಕೆ.

ಏಪ್ರಿಲ್‌ನ ಅಮಾವಾಸ್ಯೆಯ ಆಸುಪಾಸಿನಲ್ಲಿ, ಊರ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ಬೈನಾಕ್ಯುಲರ್ ಹಿಡಿಯಿರಿ. ಎಂ 81, ಎಂ 82 ಒಂದೇ ನೋಟಕ್ಕೆ ಸಿಗುತ್ತವೆ. ಮನೆಗೆ ಬಂದ ಮೇಲೆ ಆ ಜಲಜನಕದ ನಕ್ಷೆಯನ್ನೂ ತಪ್ಪದೆ ನೋಡಿ.