ಬಾಗಿಲ ಕಂಬದ ಮೇಲಿನ ಒಂದು ವಾಕ್ಯ

ಉತ್ತರ ಕ್ಯಾಲಿಫೋರ್ನಿಯಾದ ರೇಸ್ ಟ್ರ್ಯಾಕ್‌ಗಳಲ್ಲಿ, ಥಂಡರ್‌ಹಿಲ್ ಇರಲಿ, ಸೊನೋಮಾ ಇರಲಿ, ಲಗೂನಾ ಸೆಕಾ ಇರಲಿ, ಕಾರು ಇಳಿಸುವ ಅಂಗಳದಲ್ಲಿ ಹೊಸಬರು ಮೊದಲು ಕೇಳುವುದು ಒಂದೇ ಮಾತು: ‘ನಿಮ್ಮ ಪಿಕಪ್ ಎಷ್ಟು ಎಳೆಯುತ್ತೆ?’ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಹನ್ನೊಂದು ಸಾವಿರ ಪೌಂಡು, ಹದಿಮೂರು ಸಾವಿರ ಪೌಂಡು. 2021ರ ಎಫ್-150ಗೆ ಫೋರ್ಡ್ ಕಂಪನಿ, ತಕ್ಕ ಎಂಜಿನ್ನೂ ಸಲಕರಣೆಯೂ ಇದ್ದರೆ, 14,000 ಪೌಂಡು ಎಂದು ಸಾರಿತು. ಅಂದರೆ ಸುಮಾರು 6,350 ಕೆ.ಜಿ. ಹಳೆಯ ಮಿಯಾಟಾ, ಹಳೆಯ ಬಿಎಂಡಬ್ಲ್ಯು ಕೊಂಡು ವಾರಾಂತ್ಯಕ್ಕೆ ರೇಸಿಗೆ ಹೊರಡುವ ನಮ್ಮ ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಕನ್ನಡದ ಹುಡುಗರೂ ಈ ಅಂಕಿ ನೋಡಿಯೇ ಗಾಡಿ ಆರಿಸುತ್ತಾರೆ. ರೇಸ್ ಕಾರು ಎಳೆಯಲು ಎಫ್-150ಯಂಥ ‘ಅರ್ಧ ಟನ್’ ವರ್ಗದ ಪಿಕಪ್ಪೇ ಸರಿ ಎಂಬ ಕೀರ್ತಿ ಹೀಗೆ ಬೆಳೆದಿದೆ. ಅದು ಸಲ್ಲಬೇಕಾದ್ದಕ್ಕಿಂತ ಬಹಳ ಹೆಚ್ಚು ಸಂದಿದೆ ಎಂಬುದು ನನ್ನ ತೀರ್ಮಾನ. ಸಲ್ಲಬೇಕಾದ ಕಡೆ ಸಲ್ಲದೆ ಉಳಿದದ್ದು ‘ಮುಕ್ಕಾಲು ಟನ್’ ವರ್ಗದ ಹಳೆಯ ಸರಕು ವ್ಯಾನಿಗೆ.

ಟ್ರೇಲರಿಗೆ ತನ್ನದೇ ಬ್ರೇಕ್ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ 55 ಮೈಲಿ, ಡೀಸೆಲ್ಲೋ ಪೆಟ್ರೋಲೋ ಎಂಬ ಚರ್ಚೆ, ಇವೆಲ್ಲ ಈ ದಾರಿಗೆ ಇಳಿದವರಿಗೆ ಗೊತ್ತಿರುವಂಥವು. ನಾನು ನಿಲ್ಲಬೇಕೆಂದಿರುವುದು ಬೇರೊಂದು ಕಡೆ, ಬಹುಮಂದಿ ಓದದೆ ದಾಟಿಹೋಗುವ ಒಂದು ವಾಕ್ಯದ ಮುಂದೆ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಒಂದು ಸ್ಟಿಕ್ಕರ್ ಇರುತ್ತದೆ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಅದು ಅಲ್ಲಿ ಇರಲೇಬೇಕು. ಮೇಲೆ ಎಷ್ಟು ಜನ ಕೂರಬಹುದೆಂದು, ಕೆಳಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಬರೆದಿರುತ್ತದೆ. ನಡುವೆ ಈ ಅರ್ಥದ ವಾಕ್ಯ: ಕೂತವರ ಮತ್ತು ಸರಕಿನ ಒಟ್ಟು ತೂಕ ಇಷ್ಟನ್ನು ಎಂದೂ ಮೀರಕೂಡದು. ಜಾಹೀರಾತು ಆ ಹೆಸರಿನ ಎಲ್ಲ ಗಾಡಿಗಳ ಪರವಾಗಿ ಮಾತಾಡುತ್ತದೆ. ಈ ವಾಕ್ಯ ಮಾತಾಡುವುದು ನಿಮ್ಮ ಮುಂದೆ ನಿಂತ ಆ ಒಂದೇ ಗಾಡಿಯ ಬಗ್ಗೆ. ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಪಿಕಪ್ಪುಗಳ ಸ್ಟಿಕ್ಕರಿನಲ್ಲಿ ಇನ್ನೂರು ಕೆ.ಜಿ.ಯ ಅಂತರವಿರಬಹುದು. ಗಾಜಿನ ಚಾವಣಿ, ದೊಡ್ಡ ಚಕ್ರ, ನಾಲ್ಕು ಬಾಗಿಲು, ತಂಪು ಬಿಸಿ ಮಾಡುವ ಸೀಟು ಎಲ್ಲವೂ ಈ ಅಂಕಿಯನ್ನೇ ತಿನ್ನುತ್ತವೆ. ಬೆಲೆ ಏರಿದಂತೆ ಹೊರುವ ಶಕ್ತಿ ಇಳಿಯುವುದು ಹೀಗೆ.

ಈ ವಾಕ್ಯದಲ್ಲಿ ಅಪಾಯ ಅಡಗಿರುವುದು ‘ಸರಕು’ ಎಂಬ ಒಂದು ಪದದಲ್ಲಿ. ಟ್ರೇಲರಿನ ಹೆಸರು ಅಲ್ಲಿಲ್ಲ. ಆದರೆ ಟ್ರೇಲರಿನ ಮೂಗು ಹಿಚ್ಚಿನ ಮೇಲೆ, ಅಂದರೆ ಗಾಡಿಯ ಹಿಂದಿನ ಕೊಂಡಿಯ ಮೇಲೆ, ಒತ್ತುವ ಭಾರವೂ ಸರಕೇ. ಇದಕ್ಕೆ ನಾನು ನಮ್ಮ ಎತ್ತಿನಗಾಡಿಯ ಮಾತನ್ನೇ ಬಳಸುತ್ತೇನೆ: ಮುಂಭಾರ. ಮಂಡ್ಯ ಸೀಮೆಯಲ್ಲಿ ಕಬ್ಬು ಹೇರುತ್ತಿದ್ದ ನಮ್ಮಜ್ಜ ಜಲ್ಲೆಗಳನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ, ನೊಗವನ್ನು ಕೈಯಲ್ಲಿ ಎತ್ತಿ ನೋಡಿದ ಮೇಲೇ ಎತ್ತು ಹೂಡುತ್ತಿದ್ದರು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅಮೆರಿಕದ ರೂಢಿಯಲ್ಲಿ ತುಂಬಿದ ಟ್ರೇಲರಿನ ತೂಕದ ನೂರಕ್ಕೆ 10ರಿಂದ 15 ಪಾಲು ಮುಂಭಾರ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲದಂತೆ ಬೀಸತೊಡಗುತ್ತದೆ.

ಈಗ ಲೆಕ್ಕ ಹಾಕೋಣ. ಕಬ್ಬಿಣದ ತೆರೆದ ಟ್ರೇಲರ್ 900 ಕೆ.ಜಿ., ಒಳಗೆಲ್ಲ ಬಿಚ್ಚಿ ಹಗುರ ಮಾಡಿದ ಬಿಎಂಡಬ್ಲ್ಯು ಎಂ3 1,400, ಪಟ್ಟಿ ಸರಪಳಿ ಬಿಡಿಭಾಗ 100, ಒಟ್ಟು 2,400. ನೂರಕ್ಕೆ ಹನ್ನೆರಡರಂತೆ ಮುಂಭಾರ 288. ಇನ್ನು ಗಾಡಿಯೊಳಗೆ: ನಾನು 80, ಗೆಳೆಯ 75, ಹೆಚ್ಚುವರಿ ಚಕ್ರ ನಾಲ್ಕು 68, ಪೆಟ್ರೋಲ್ ಕ್ಯಾನ್ ಮೂರು 48, ಟೂಲ್‌ಬಾಕ್ಸ್ 70, ಜ್ಯಾಕ್ ಮತ್ತು ಸ್ಟ್ಯಾಂಡ್ 35, ಚಪ್ಪರ ಕುರ್ಚಿ 35, ನೀರು ಐಸು ಊಟ 30, ಬಟ್ಟೆ ಹಾಸಿಗೆ 20, ಹಿಚ್ಚಿನ ಕಬ್ಬಿಣ 15. ಇದು 476. ಎರಡೂ ಕೂಡಿದರೆ 764 ಕೆ.ಜಿ. ಅಲಂಕಾರವೆಲ್ಲ ಇರುವ ಅರ್ಧ ಟನ್ ಪಿಕಪ್ಪಿನ ಸ್ಟಿಕ್ಕರಿನಲ್ಲಿ 1,400 ಪೌಂಡು, ಅಂದರೆ 635 ಕೆ.ಜಿ. ಇರುವುದು ತೀರ ಸಾಮಾನ್ಯ. ಮೀರಿದ್ದು 129. ಅದೇ ಗಾಡಿಯ ಜಾಹೀರಾತು 5,000 ಕೆ.ಜಿ. ಎಳೆಯುತ್ತೇನೆ ಎನ್ನುತ್ತಿರುತ್ತದೆ, ನಾವು ಕಟ್ಟಿದ್ದು ಅದರ ಅರ್ಧಕ್ಕೂ ಕಡಿಮೆ. ಎಳೆಯುವ ಬಲ ಅರ್ಧ ಉಳಿದಿರುವಾಗಲೇ ಬೆನ್ನು ಬಾಗಿಹೋಗಿರುತ್ತದೆ.

ಮುಂಭಾರ ಹಂಚುವ ಸ್ಪ್ರಿಂಗ್ ಹಿಚ್ ಹಾಕಿದರೆ ಸಾಕು ಎನ್ನುವವರಿದ್ದಾರೆ. ಅದು ಹಿಂದಿನ ಅಚ್ಚಿನ ಭಾರದಲ್ಲಿ ಒಂದಷ್ಟನ್ನು ಮುಂದಿನ ಅಚ್ಚಿಗೂ ಸ್ವಲ್ಪವನ್ನು ಟ್ರೇಲರಿನ ಅಚ್ಚಿಗೂ ದಾಟಿಸುತ್ತದೆ, ಸ್ಟೀರಿಂಗ್ ಸ್ಥಿರವಾಗುತ್ತದೆ. ಸ್ಟಿಕ್ಕರಿನ ಅಂಕಿ ಮಾತ್ರ ಅಲ್ಲಿಯೇ ಇರುತ್ತದೆ. ಇನ್ನೊಂದು ಉಪಾಯ ನಿಜಕ್ಕೂ ಕೊಲ್ಲುವಂಥದು. ಹಿಂಬದಿ ಕುಸಿದದ್ದು ಕಂಡು ಟ್ರೇಲರಿನ ಮೇಲಿನ ಕಾರನ್ನು ಒಂದು ಗೇಣು ಹಿಂದಕ್ಕೆ ಸರಿಸುವುದು. ಪಿಕಪ್ ತಲೆಯೆತ್ತಿ ನಿಲ್ಲುತ್ತದೆ, ನೋಡಲು ಚೆನ್ನ. ನಾನೇ ಇದನ್ನು ಮಾಡಿದ್ದೇನೆ. ವಿಲೋಸ್ ಊರಿನ ದಾರಿಯಲ್ಲಿ, ಐ-5 ಹೆದ್ದಾರಿಯ ಉತ್ತರದ ಗಾಳಿಯಲ್ಲಿ, ಗಂಟೆಗೆ 65 ಮೈಲಿ ವೇಗದಲ್ಲಿದ್ದಾಗ ಲಾರಿಯೊಂದು ಪಕ್ಕದಿಂದ ದಾಟಿತು. ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು, ಮರುಕ್ಷಣ ಬಲಕ್ಕೆ ಅದಕ್ಕಿಂತ ಹೆಚ್ಚು, ಮೂರನೆಯ ಬಾರಿ ಪಕ್ಕದ ಲೇನಿನವರೆಗೆ. ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತಿ ಹಿಡಿದದ್ದರಿಂದ ಬದುಕಿದೆವು. ಅಜ್ಜ ನೊಗ ಎತ್ತಿ ನೋಡುತ್ತಿದ್ದುದರ ಅರ್ಥ ನನಗೆ ಅಂದು ತಿಳಿಯಿತು.

ವಾಹನ ವಿಮರ್ಶಕರೊಡನೆ ನನ್ನ ಜಗಳ ಇಲ್ಲಿಂದಲೇ ಶುರು. ಎಳೆಯುವ ಅಂಕಿ ಈಗ ಪ್ರಾಮಾಣಿಕವಾಗಿದೆ ಎಂದು ಅವರು ಹೇಳುತ್ತಾರೆ, ಅದಕ್ಕೆ ಎಸ್‌ಎಇ ಜೆ2807 ಎಂಬ ಪರೀಕ್ಷಾ ಕ್ರಮವನ್ನು ತೋರಿಸುತ್ತಾರೆ. ಆ ಕ್ರಮ ಕಠಿಣವೇ ಹೌದು. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರನ್ನು, ಹನ್ನೊಂದು ಮೈಲಿಗೂ ಹೆಚ್ಚು ದೂರ, ಬೇಸಿಗೆಯ ಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು ಹತ್ತಬೇಕು. ವೇಗ ಗಂಟೆಗೆ 40 ಮೈಲಿಗಿಂತ ಇಳಿಯಬಾರದು. 2011ರ ಮಾದರಿಗಳಿಗೆ ಟೊಯೋಟಾ ಅದನ್ನು ಮೊದಲು ಒಪ್ಪಿಕೊಂಡಿತು, ಉಳಿದ ಕಂಪನಿಗಳು ಬಹಳ ತಡವಾಗಿ ಬಂದವು. ಟೊಯೋಟಾದ ಆ ನಡೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಕ್ರಮ ಗಾಡಿಯೊಳಗೆ ಯಾರನ್ನು ಕೂರಿಸುತ್ತದೆ? ತಲಾ 150 ಪೌಂಡಿನ ಇಬ್ಬರನ್ನು, ಜೊತೆಗೆ 70 ಪೌಂಡಿನಷ್ಟು ಹಿಚ್ಚಿನ ಸಾಮಾನನ್ನು. ಮುಂಭಾರ ನೂರಕ್ಕೆ ಹತ್ತು. ಚಕ್ರವಿಲ್ಲ, ಜ್ಯಾಕ್ ಇಲ್ಲ, ಪೆಟ್ರೋಲ್ ಕ್ಯಾನ್ ಇಲ್ಲ. ರೇಸಿಗೆ ಹೋಗುವವನು ಖಾಲಿ ಪಿಕಪ್ಪಿನಲ್ಲಿ ಎಂದಾದರೂ ಹೊರಟಿದ್ದಾನೆಯೇ? ಎಂಜಿನ್ ಬಿಸಿಯಾಯಿತೇ ಎಂದು ನೋಡುವ ವಿಮರ್ಶಕರು ಬಾಗಿಲ ಕಂಬದ ಅಂಕಿಯನ್ನು ಲೇಖನದ ಮೊದಲ ಪ್ಯಾರಾದಲ್ಲಿ ಕೊಡಲಿ ಎಂಬುದಷ್ಟೇ ನನ್ನ ಒತ್ತಾಯ.

ಯುರೋಪಿನ ಕಡೆಯಿಂದ ಬರುವ ಆಕ್ಷೇಪಣೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸಾಧಾರಣ ಸ್ಟೇಷನ್ ವ್ಯಾಗನ್ನುಗಳೇ ರೇಸ್ ಕಾರು ಎಳೆಯುತ್ತವೆ, ಅಮೆರಿಕದವರದ್ದು ಬರೀ ಭಯ ಎಂಬುದು ಅಲ್ಲಿನವರ ವಾದ. ಬ್ರಿಟನ್ನಿನ ಕ್ಯಾರವಾನ್ ರೂಢಿಯಲ್ಲಿ ನೂರಕ್ಕೆ 5ರಿಂದ 7 ಪಾಲು ಮುಂಭಾರ ಸಾಕೆನ್ನುವುದು ನಿಜ. ಆದರೆ ಅಲ್ಲಿನ ಟ್ರೇಲರ್ ಹಗುರ, ಅದರ ಅಚ್ಚು ನಡುಭಾಗಕ್ಕೆ ಹತ್ತಿರ. ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದಿದ್ದರೆ ಗಂಟೆಗೆ 80 ಕಿ.ಮೀ. ಮೀರುವಂತಿಲ್ಲ. ಟ್ರೇಲರಿನ ಬೀಸು ವೇಗದೊಂದಿಗೆ ಬೆಳೆಯುವಂಥದು. ಒಂದು ವೇಗದವರೆಗೆ ತಾನಾಗಿ ಅಡಗುತ್ತದೆ, ಅದನ್ನು ದಾಟಿದರೆ ತಾನಾಗಿ ಉಬ್ಬುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 55ರ ಫಲಕವಿದ್ದರೂ ಜನ ಎಳೆಯುವುದು 70ರಲ್ಲಿ. ಯುರೋಪಿನ ಮುಂಭಾರ ಬೇಕೆನ್ನುವವರು ಯುರೋಪಿನ ವೇಗವನ್ನೂ ಜೊತೆಗೆ ತರಬೇಕು. ಬೆಂಗಳೂರಿನವರಿಗೆ ಈ ತಂಟೆಯೇ ಇಲ್ಲ. ಶ್ರೀಪೆರುಂಬುದೂರಿನ ಬಳಿಯ ಟ್ರ್ಯಾಕಿಗೆ ಅವರ ಕಾರು ಹೋಗುವುದು ಹೆಚ್ಚಾಗಿ ಲಾರಿಯ ಬೆನ್ನ ಮೇಲೆ. ಭಾರವೆಲ್ಲ ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ.

ಪಿಕಪ್ಪಿನ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಸೋಮವಾರ ಆಫೀಸಿಗೂ ಅದೇ ಗಾಡಿ ಸಾಕು. ಮಿಯಾಟಾದಂಥ ಹಗುರ ಕಾರಿಗೆ, ಅಲಂಕಾರವಿಲ್ಲದ ಪಿಕಪ್ ಆದರೆ, ಲೆಕ್ಕ ಕೂಡಿಬರುತ್ತದೆ. ಆದರೆ ಷೆವ್ರೊಲೆ ಎಕ್ಸ್‌ಪ್ರೆಸ್ 2500 ಸರಕು ವ್ಯಾನನ್ನು ಎದುರಿಗಿಡಿ. 1996ರ ವಿನ್ಯಾಸ, ಸದ್ದು ಹೆಚ್ಚು, ಟ್ರೇಲರ್ ಎಳೆಯುವಾಗ ಲೀಟರಿಗೆ ಐದು ಕಿ.ಮೀ. ಬಂದರೆ ಹೆಚ್ಚು. ಅದರ ಎಳೆಯುವ ಅಂಕಿ ಪಿಕಪ್ಪಿನ ಜಾಹೀರಾತಿನ ಮುಂದೆ ತಲೆ ತಗ್ಗಿಸುತ್ತದೆ. ಹೊರುವ ಅಂಕಿ ಮಾತ್ರ 1,400 ಕೆ.ಜಿ.ಯ ಆಸುಪಾಸು. ಟೈರು ಟೂಲು ಬೀಗದೊಳಗೆ, ಮಳೆ ಬಂದರೂ ಒಣಗಿರುತ್ತವೆ. ರಾತ್ರಿ ಎಲ್ಲ ಇಳಿಸಿದ ಮೇಲೆ ಅಲ್ಲೇ ಹಾಸಿಗೆ. ಗುತ್ತಿಗೆದಾರರು, ಪೈಂಟರುಗಳು ಓಡಿಸಿ ಮಾರಿದ ಇಂಥ ವ್ಯಾನು ಹೊಸ ಪಿಕಪ್ಪಿನ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ, ಉಳಿದ ದುಡ್ಡು ಟೈರಿಗೆ ಆಯಿತು.

ಆ ಗಾಳಿಯ ದಿನದ ನಂತರ ನಾನು ಕೊಂಡದ್ದು ಇದನ್ನೇ. ಕಳೆದ ಸಲ ಥಂಡರ್‌ಹಿಲ್‌ಗೆ ಹೋಗುವಾಗ ಹೆದ್ದಾರಿ ಪಕ್ಕದ ಲಾರಿ ತಂಗುದಾಣದಲ್ಲಿ ತೂಕದ ಕಟ್ಟೆ ಹತ್ತಿಸಿದೆ. ಜನ, ಸಾಮಾನು, ಮುಂಭಾರ ಎಲ್ಲ ಸೇರಿ ಸ್ಟಿಕ್ಕರಿನ ಮಿತಿಗಿಂತ 600 ಕೆ.ಜಿ. ಕೆಳಗಿತ್ತು. ಅಂದಿನ ತೂಕದ ಚೀಟಿ ವ್ಯಾನಿನಲ್ಲೇ ಇದೆ. ಅಂಗಳದಲ್ಲಿ ಎಷ್ಟು ಎಳೆಯುತ್ತದೆ ಎಂದು ಕೇಳಿದವರಿಗೆ ಅದನ್ನೇ ತೆಗೆದು ಕೊಡುತ್ತೇನೆ.