ಮೈನಾಳ ಜವಾಬು ಎಲ್ಲಿ?

ಅಂಬೇಡ್ಕರರ ಪುಣ್ಯತಿಥಿಯಾದ ಡಿಸೆಂಬರ್ 6ರಂದು ದಾದರಿನಲ್ಲಿರುವ ಅವರ ಸ್ಮಾರಕ ಚೈತ್ಯಭೂಮಿಗೆ ಹೋಗುವ ದಾರಿಯ ತುಂಬ ಪುಸ್ತಕ, ಹಾಡಿನ ಅಂಗಡಿಗಳು. ಅಂಬೇಡ್ಕರರನ್ನು ಹಾಡುವ ಭೀಮಗೀತೆಗಳ ಜೊತೆಗೆ ಮರಾಠಿ ಜನಕವಿ ಅಣ್ಣಾಭಾವು ಸಾಠೆಯವರ ಹೆಸರೂ ಅಲ್ಲಿ ಎದ್ದು ಕಾಣುತ್ತದೆ. ಅವರ ‘ಮಾಝೀ ಮೈನಾ’ (ನನ್ನ ಮೈನಾ) ಎಂಬ ಛಕ್ಕಡವನ್ನು, ಅಂದರೆ ಲಾವಣಿ ಧಾಟಿಯ ಹಾಡನ್ನು, ಅರ್ಧಮರ್ಧ ಮರಾಠಿ ಬಲ್ಲ ಮುಂಬೈ ಕನ್ನಡಿಗ ವಿರಹದ ಲಾವಣಿ ಎಂದುಕೊಂಡೇ ತಲೆದೂಗುತ್ತ ಕೇಳುತ್ತಾನೆ. ಹೆಂಡತಿ ಮೈನಾಳನ್ನು ಊರಲ್ಲಿ ಬಿಟ್ಟು ಹೊಟ್ಟೆಪಾಡಿಗೆ ಮುಂಬೈಗೆ ಬಂದವನ ಸಂಕಟ ಅದು, ಕನ್ನಡಿಗನಿಗೂ ಹೊಸದೇನಲ್ಲ. ಆದರೆ ಹಾಡು ಮುಂದುವರಿದಂತೆ ಬೆಳಗಾವಿ, ಕಾರವಾರಗಳ ಹೆಸರುಗಳು ಬರುತ್ತವೆ. ತಲೆದೂಗುವುದು ಅಲ್ಲಿಗೆ ನಿಲ್ಲುತ್ತದೆ.

1920ರಲ್ಲಿ ಸಾಂಗ್ಲಿ ಸೀಮೆಯ ವಾಟೇಗಾಂವದ ಮಾತಂಗ ಕುಟುಂಬದಲ್ಲಿ ಹುಟ್ಟಿದ ಅಣ್ಣಾಭಾವು ಕಾಲ್ನಡಿಗೆಯಲ್ಲೇ ಮುಂಬೈ ಸೇರಿದವರು. ಇಲ್ಲಿ ಕಮ್ಯುನಿಸ್ಟರಾಗಿ 1944ರಲ್ಲಿ ಅಮರ್ ಶೇಖ್, ದ. ನಾ. ಗವಾಣಕರ್ ಅವರೊಂದಿಗೆ ‘ಲಾಲ್ ಬಾವಟಾ ಕಲಾಪಥಕ’ ಎಂಬ ಕಲಾತಂಡ ಕಟ್ಟಿದರು. ಮರಾಠಿ ಮಾತಾಡುವ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಬೇಕೆಂಬ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲಕ್ಕೆ ಶಿವಾಜಿ ಪಾರ್ಕಿನಂಥ ಮೈದಾನಗಳಲ್ಲಿ ಭಾಷಣಕ್ಕೆ ಸೇರುವಷ್ಟೇ ಜನ ಶಾಹೀರರ, ಅಂದರೆ ಲಾವಣಿಕಾರ ಕವಿಗಳ, ಹಾಡಿಗೂ ಸೇರುತ್ತಿದ್ದರು. ಆ ಚಳವಳಿ ತನಗೆ ಬೇಕೆನ್ನುತ್ತಿದ್ದ ಬೆಳಗಾವಿ, ಕಾರವಾರಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಿದವು. ಅದನ್ನು ಕನ್ನಡಿಗರಾದ ನಾವು ಏಕೀಕರಣ ಎಂದೆವು, ಮರಾಠಿಗರು ಅಗಲಿಕೆ ಎಂದರು.

ಹಾಡಿನ ಜೀವ ಇರುವುದು ಒಡವೆಗಳ ಭಾಗದಲ್ಲಿ. ಹೊರಡುವಾಗ ಗಂಡ ಮಾತು ಕೊಡುತ್ತಾನೆ: ಶಿಂದೇಶಾಹಿ ತೋಡೆ, ಕೊಲ್ಹಾಪುರಿ ಸಾಜ್, ವಜ್ರಟೀಕಿ, ಪುತಳಿ ಸರ. ಒಂದೊಂದನ್ನೂ ಹೆಸರಿಟ್ಟು ಎಣಿಸುವ ಆ ಧಾಟಿಯಲ್ಲಿ ಪ್ರೀತಿಯೂ ಇದೆ, ಕೊಡಲಾಗದವನ ಬಡಾಯಿಯೂ ಇದೆ. ಮುಂಬೈಗೆ ಬಂದರೆ ಯಂತ್ರಗಳು, ಸಾಹುಕಾರರು, ಹಸಿದವರ ಗುಂಪು. ಒಡವೆಯ ಮಾತು ಮಾತಾಗಿಯೇ ಉಳಿಯುತ್ತದೆ. ಅಣ್ಣಾಭಾವು ಯಾವ ಘೋಷಣೆಯನ್ನೂ ಕೂಗದೆ ಬಂಡವಾಳಶಾಹಿಯ ಲೆಕ್ಕ ಒಪ್ಪಿಸಿದ್ದು ಹೀಗೆ. ವಜ್ರಟೀಕಿ, ಪುತಳಿ ಸರ ನಮ್ಮ ಬೆಳಗಾವಿ ಕಡೆಯ ಅಜ್ಜಿಯರ ಪೆಟ್ಟಿಗೆಯಲ್ಲೂ ಇದ್ದವು ಎಂಬುದು ಬೇರೆ ಮಾತು. ಅಥವಾ ಬೇರೆ ಮಾತಲ್ಲವೇನೋ.

ನಮ್ಮ ಏಕೀಕರಣದ ಕವಿಗಳು ನಾಡನ್ನು ತಾಯಿ ಮಾಡಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಾಲದಿಂದಲೂ ಕನ್ನಡದ ನಾಡಗೀತೆ ಎಂದರೆ ಹೆಚ್ಚುಕಡಿಮೆ ಆರತಿಯೇ. ತಾಯಿಯನ್ನು ಪೂಜಿಸಬಹುದು, ಅವಳು ಕೂಲಿ ಕೇಳುವುದಿಲ್ಲ. ಅಣ್ಣಾಭಾವು ನಾಡನ್ನು ಹೆಂಡತಿ ಮಾಡಿದರು, ಅದೂ ಕೂಲಿಕಾರನ ಹೆಂಡತಿ. ಗಡಿ ತಂಟೆಯನ್ನು ಬದಿಗಿಟ್ಟು ನೋಡಿದರೆ ಇದು ನಮ್ಮವರ ಕಲ್ಪನೆಗಿಂತ ದಿಟ್ಟವಾದದ್ದು. ಇದನ್ನು ಒಪ್ಪಿಕೊಳ್ಳಲು ಕನ್ನಡದ ವಿಮರ್ಶಕನಿಗೆ ಸಂಕೋಚ ಬೇಡ.

ತಕರಾರು ಇರುವುದು ಸಂಕೇತ ನಕಾಶೆಯಾಗುವ ಜಾಗದಲ್ಲಿ. ನನ್ನ ಮೈನಾಳಿಗೆ ಆದದ್ದೇ ಒಡೆದ ಮಹಾರಾಷ್ಟ್ರಕ್ಕೂ ಆಯಿತು ಎಂದು ಕವಿಯೇ ಬಿಡಿಸಿ ಹೇಳಿದ ಮೇಲೆ ಕೇಳುಗನಿಗೆ ಹುಡುಕಲು ಏನೂ ಉಳಿಯುವುದಿಲ್ಲ. ಚಳವಳಿಯ ಹಾಡಿಗೆ ಆ ಬಿಡಿಸಿ ಹೇಳುವಿಕೆ ಬೇಕಿತ್ತು. ಕಾವ್ಯಕ್ಕೆ ಅದರಿಂದ ನಷ್ಟವಾಯಿತು. ಇನ್ನೂ ದೊಡ್ಡ ಕೊರತೆಯೆಂದರೆ ಮೈನಾ ಬಾಯಿ ಬಿಡುವುದೇ ಇಲ್ಲ. ಅವಳ ಚೆಲುವು, ಅವಳ ಒಡವೆ, ಅವಳ ವಿರಹ ಎಲ್ಲವನ್ನೂ ಗಂಡನೇ ಹೇಳುತ್ತಾನೆ. ಬೆಳಗಾವಿ ಯಾರ ಮನೆಯ ಹೆಣ್ಣು ಎಂದು ಎರಡೂ ರಾಜ್ಯಗಳು ಜಗಳವಾಡಿದವು. ಗಡಿ ವಿವಾದದ ಕುರಿತ ಮಹಾಜನ್ ಆಯೋಗದ ವರದಿ 1967ರಲ್ಲಿ ಬಂದ ಮೇಲೂ ಜಗಳ ಮುಗಿಯಲಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ಆ ಊರಿನವರ ಮಾತು ಈ ಹಾಡಿನಲ್ಲೂ ಇಲ್ಲ, ನಮ್ಮ ನಾಡಗೀತೆಗಳಲ್ಲೂ ಇಲ್ಲ.

ಮೈನಾಳಿಗೆ ಮಾತು ಕೊಡುವ ದಾರಿ ಲಾವಣಿ ಪರಂಪರೆಯೊಳಗೇ ಇತ್ತು. ಮರಾಠಿಯಲ್ಲಿ ತುರಾ–ಕಲಗಿ, ಕನ್ನಡದ ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿ: ಒಬ್ಬರು ಗಂಡಿನ ಪಕ್ಷ ಹಿಡಿದು ಸವಾಲು ಹಾಕಿದರೆ ಇನ್ನೊಬ್ಬರು ಹೆಣ್ಣಿನ ಪಕ್ಷ ಹಿಡಿದು ಜವಾಬು ಕೊಡಲೇಬೇಕು. ದಪ್ಪು, ತುಂತುಣಿಗಳೂ ಎರಡೂ ಕಡೆಯವು. ‘ಮಾಝೀ ಮೈನಾ’ ಮುಗಿದದ್ದು ಹರದೇಶಿಯ ಸವಾಲಿನಲ್ಲಿ. ನಾಗೇಶಿಯ ಜವಾಬನ್ನು ಬೆಳಗಾವಿ ಸೀಮೆಯ ಹಾಡುಗಾರ್ತಿಯರು ಕಟ್ಟಲಿ, ಕನ್ನಡ ಮರಾಠಿ ಎರಡರಲ್ಲೂ. ಮೊದಲ ಸಲ ಅದನ್ನು ಶಿವಾಜಿ ಪಾರ್ಕಿನಲ್ಲೇ ಹಾಡಲಿ.